ವೆಬ್ ಆ್ಯಪ್‌ಗೆ ಪಿಡಿಎಫ್ ಟೂಲ್ ಆರಿಸುವುದು ಹೇಗೆ? ಹಾಸನ, ಚಿಕ್ಕಮಗಳೂರಿನ ಡೆವಲಪರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಎರಡೂ ಜಿಲ್ಲೆಗಳಲ್ಲಿ ವೆಬ್ ಆ್ಯಪ್ ಕಟ್ಟುವವರ ಕೆಲಸ ಕೊನೆಗೆ ಪಿಡಿಎಫ್‌ಗೇ ಬಂದು ನಿಲ್ಲುತ್ತದೆ. ತೋಟದ ಚೆಕ್‌ರೋಲ್ (ಕೂಲಿಕಾರರ ಹಾಜರಿ ಪುಸ್ತಕ) ತಂತ್ರಾಂಶಕ್ಕೆ ಬಟವಾಡೆ ಪಟ್ಟಿ ಬೇಕು, ಸಹಕಾರ ಸಂಘಕ್ಕೆ ಸದಸ್ಯರ ಲೆಡ್ಜರ್ ಬೇಕು, ಹೋಮ್‌ಸ್ಟೇಗೆ ರಸೀದಿ, ಆಲೂಗಡ್ಡೆ ಮಂಡಿಗೆ ಬಿಲ್ಲು, ಕಾಲೇಜಿಗೆ ಅಂಕಪಟ್ಟಿ. ಪರದೆಯ ಮೇಲೆ ಎಲ್ಲವೂ ಚೆನ್ನಾಗಿ ಕಂಡು, ಪಿಡಿಎಫ್ ಒತ್ತಿದ ತಕ್ಷಣ ಕನ್ನಡ ಚಿಂದಿಯಾಗುತ್ತದೆ. ಹೆಚ್ಚಿನ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ. ಅವಕ್ಕೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಪಿಡಿಎಫ್ ಮಾಡುವ ಲೈಬ್ರರಿಗಳು (ಆ್ಯಪ್‌ಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಬೇಕಾದಷ್ಟಿವೆ. ಎಲ್ಲಿಂದ ಶುರು ಮಾಡಲಿ?

ಒಂದೇ ಪ್ರಶ್ನೆಯಿಂದ: ಈ ಪಿಡಿಎಫ್‌ನಲ್ಲಿ ಎಲ್ಲಾದರೂ ಒಂದು ಕಡೆ ಕನ್ನಡ ಬರುತ್ತದೆಯೇ? "ಬಿಲ್ಲು ಇಂಗ್ಲಿಷ್‌ನಲ್ಲೇ ಇರುತ್ತೆ" ಎಂದು ಗ್ರಾಹಕರು ಇವತ್ತು ಹೇಳಬಹುದು. ಆರು ತಿಂಗಳಲ್ಲಿ ಕೂಲಿಕಾರರ ಹೆಸರು ಕನ್ನಡದಲ್ಲಿ ಬೇಕು ಎನ್ನುತ್ತಾರೆ, ಅದು ಅವರ ಹಕ್ಕೂ ಹೌದು. ತನ್ನ ಕೂಲಿ ಲೆಕ್ಕವನ್ನು ತಾನೇ ಓದಿ ಸಹಿ ಹಾಕಬೇಕಾದವರಿಗೆ ಓದಲು ಬಾರದ ಭಾಷೆಯ ಚೀಟಿ ಕೊಡುವುದು ಸರಿಯಲ್ಲ. ಆದ್ದರಿಂದ ಉತ್ತರ "ಹೌದು" ಎಂದೇ ಇಟ್ಟುಕೊಳ್ಳಿ. ಆಗ ಪಟ್ಟಿಯಲ್ಲಿರುವ ಎಷ್ಟೋ ಲೈಬ್ರರಿಗಳು ತಾವಾಗಿಯೇ ಉದುರಿಹೋಗುತ್ತವೆ. ಉಳಿದವನ್ನು ಲೈಸೆನ್ಸ್ ನೋಡಿ ಸೋಸಿ. ವೇಗ, ಅಂದಚಂದ, ಎಷ್ಟು ಜನ ಬಳಸುತ್ತಾರೆ ಎಂಬುದೆಲ್ಲ ಆಮೇಲಿನ ಮಾತು.

ಕನ್ನಡ ಫಾಂಟ್ ಸೇರಿಸಿದ್ದೇನೆ. ಆದರೂ ಅಕ್ಷರ ಒಡೆಯುವುದು ಏಕೆ?

ಫಾಂಟ್ ಇದ್ದರೆ ಅರ್ಧ ಕೆಲಸ ಆಯಿತು, ಅಷ್ಟೇ. "ಚಿಕ್ಕ" ಎಂಬ ಪದ ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನಕ) ಐದು ಸಂಕೇತಗಳಾಗಿ ಕೂತಿರುತ್ತದೆ: ಚ, ಇಕಾರದ ಗುಣಿತ ಚಿಹ್ನೆ, ಕ, ಹಲಂತ, ಮತ್ತೆ ಕ. ಕಾಗದದ ಮೇಲೆ ಮೂಡುವಾಗ ಮೊದಲ ಎರಡು ಸೇರಿ "ಚಿ" ಆಗಬೇಕು, ಕೊನೆಯ ಕ ಒತ್ತಕ್ಷರವಾಗಿ ಕೆಳಗಿಳಿಯಬೇಕು. ಯಾವುದು ಯಾವಾಗ ಯಾವ ರೂಪ ತಾಳಬೇಕು ಎಂಬ ನಿಯಮಗಳು ಓಪನ್‌ಟೈಪ್ ಫಾಂಟ್‌ನ ಒಳಗೆ ಕೋಷ್ಟಕಗಳಾಗಿ ಇರುತ್ತವೆ. ಅವನ್ನು ಓದಿ ಜಾರಿ ಮಾಡುವ ತಂತ್ರಾಂಶ ಬೇರೆಯೇ ಬೇಕು. ಅದಕ್ಕೆ ಶೇಪಿಂಗ್ ಎಂಜಿನ್ ಎನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ.

ಪಿಡಿಎಫ್ ಕಡತಕ್ಕೆ ಶೇಪಿಂಗ್ ಗೊತ್ತಿಲ್ಲ. ಫಾಂಟ್‌ನ ಇಂಥ ಆಕೃತಿಯನ್ನು ಪುಟದ ಇಂಥ ಜಾಗದಲ್ಲಿ ಇಡು ಎಂಬ ಆದೇಶಗಳು ಮಾತ್ರ ಅದರಲ್ಲಿ ಇರುತ್ತವೆ. ಹಾಗಾಗಿ ತೆರೆಯುವ ಆ್ಯಪ್ ಬದಲಿಸಿದರೆ ಏನೂ ಸರಿಹೋಗದು. ಪಿಡಿಎಫ್ ಬರೆಯುವ ತಂತ್ರಾಂಶವೇ ಶೇಪಿಂಗ್ ಮುಗಿಸಿ ಬರೆಯಬೇಕು. ಒಂದು ಸಂಕೇತಕ್ಕೆ ಒಂದು ಆಕೃತಿ ಎಂದು ನೇರವಾಗಿ ಜೋಡಿಸಿಬಿಡುವ ಲೈಬ್ರರಿ ನಿಮ್ಮ ಜಿಲ್ಲೆಯನ್ನು "ಚಿಕ್‌ಕಮಗಳೂರು" ಮಾಡುತ್ತದೆ. ಅರ್ಕಾವೊತ್ತು ಬಂದರೆ ಇನ್ನೂ ಫಜೀತಿ. "ಅರ್ಜಿ"ಯಲ್ಲಿ ರಕಾರ ಮೊದಲು ಉಚ್ಚಾರವಾಗುತ್ತದೆ, ಬರೆಯುವಾಗ ಮಾತ್ರ "ಜಿ"ಯ ನಂತರ ಕೂರುತ್ತದೆ. ಸ್ಥಾನ ಬದಲಿಸುವ ಈ ಕೆಲಸವೂ ಶೇಪಿಂಗ್‌ನದ್ದೇ.

ಹಾಸನದ ಡೆವಲಪರ್‌ಗಳು ಇಲ್ಲಿ ಎಚ್ಚರವಾಗಿರಬೇಕು. ಪರೀಕ್ಷೆಗೆಂದು ಊರ ಹೆಸರು ಟೈಪ್ ಮಾಡಿದರೆ "ಹಾಸನ"ದಲ್ಲಿ ಒತ್ತಕ್ಷರವೇ ಇಲ್ಲ. ಬೇಲೂರು, ಆಲೂರು, ಸಕಲೇಶಪುರ, ಅರಸೀಕೆರೆ ಯಾವುದರಲ್ಲೂ ಇಲ್ಲ. ಕೆಟ್ಟ ಲೈಬ್ರರಿಯಲ್ಲೂ ಇವು ಹೆಚ್ಚುಕಡಿಮೆ ಓದುವ ಹಾಗೆ ಬಂದುಬಿಡುತ್ತವೆ. ಡೆಮೊ ಪಾಸಾಗುತ್ತದೆ, ಬಳಕೆಗೆ ಬಂದ ದಿನ ಯಾರದೋ "ಲಕ್ಷ್ಮಮ್ಮ" ಎಂಬ ಹೆಸರು ಪುಡಿಯಾಗುತ್ತದೆ.

ಹಾಗಾದರೆ ಯಾವ ಪದಗಳಿಂದ ಪರೀಕ್ಷಿಸಬೇಕು?

ಈ ಸಾಲನ್ನು ಹಾಗೇ ನಕಲು ಮಾಡಿ ಇಟ್ಟುಕೊಳ್ಳಿ:

ಚಿಕ್ಕಮಗಳೂರು, ಶೃಂಗೇರಿ, ಬಾಳೆಹೊನ್ನೂರು, ಶ್ರವಣಬೆಳಗೊಳ, ಅರ್ಜಿ, ಸೂರ್ಯ, ರ‍್ಯಾಂಕ್, ಜ್ಞಾನ, ಕ್ಷೇತ್ರ, ಸ್ತ್ರೀ, ರಾಷ್ಟ್ರೀಯ, ಲಕ್ಷ್ಮಮ್ಮ, ₹1,25,000

"ರಾಷ್ಟ್ರೀಯ"ದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. "ಸೂರ್ಯ"ದಲ್ಲಿ ಅರ್ಕಾವೊತ್ತು, "ರ‍್ಯಾಂಕ್"ನಲ್ಲಿ ಅದೇ ರ ಮತ್ತು ಯ ಇದ್ದರೂ ನಡುವೆ ಕಣ್ಣಿಗೆ ಕಾಣದ ಜೋಡಣೆ ಸಂಕೇತ ಇರುವುದರಿಂದ ರೂಪ ಬೇರೆ. ಈ ಎರಡು ಪದಗಳು ಭಿನ್ನವಾಗಿ ಮೂಡಿದರೆ ಟೂಲ್ ಬಗ್ಗೆ ನಂಬಿಕೆ ಬರುತ್ತದೆ. ಕೊನೆಯಲ್ಲಿರುವ ರೂಪಾಯಿ ಚಿಹ್ನೆ ಯೂನಿಕೋಡ್ ಸೇರಿದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟ್‌ಗಳಲ್ಲಿ ಅದರ ಜಾಗಕ್ಕೆ ಖಾಲಿ ಚೌಕ ಬರುತ್ತದೆ. ಪಿಡಿಎಫ್‌ಗೆ ಹುಟ್ಟಿನಿಂದ ಬಂದ 14 ಮೂಲ ಫಾಂಟ್‌ಗಳಲ್ಲಂತೂ ರೂಪಾಯಿಯೂ ಇಲ್ಲ, ಕನ್ನಡವೂ ಇಲ್ಲ.

ಕಣ್ಣಳತೆಯ ಪರೀಕ್ಷೆ ಒಮ್ಮೆ ಮಾಡಿ ಬಿಟ್ಟರೆ ಸಾಲದು. ಪಾಪ್ಲರ್ ಎಂಬ ಮುಕ್ತ ಪ್ಯಾಕೇಜಿನಲ್ಲಿ "ಪಿಡಿಎಫ್‌ಟುಪಿಪಿಎಂ" ಎಂಬ ಆಜ್ಞೆ ಇದೆ, ಪುಟವನ್ನು ಚಿತ್ರ ಮಾಡಿಕೊಡುತ್ತದೆ. ಆ ಚಿತ್ರವನ್ನು ಒಪ್ಪಿಗೆಯಾದ ಹಳೆಯ ಚಿತ್ರದ ಜೊತೆ ಪ್ರತಿ ಬಿಡುಗಡೆಯಲ್ಲೂ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಬರೆದಿಡಿ. ಸರ್ವರ್ ಅಪ್‌ಡೇಟ್ ಆದಾಗ ಸದ್ದಿಲ್ಲದೆ ಫಾಂಟ್ ಬದಲಾದರೆ ಅದು ಕೂಗಿ ಹೇಳುತ್ತದೆ.

ನೇರವಾಗಿ ಹೇಳಿ: ಯಾವ ಟೂಲ್ ಬಳಸಲಿ?

ನೀವು ಯಾವ ಭಾಷೆಯಲ್ಲಿ ಕೋಡ್ ಬರೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ಪೈಥಾನ್ ಆದರೆ ನನ್ನ ಮೊದಲ ಆಯ್ಕೆ ವೀಸಿಪ್ರಿಂಟ್. ಎಚ್‌ಟಿಎಂಎಲ್, ಸಿಎಸ್‌ಎಸ್ ಕೊಟ್ಟರೆ ಪಿಡಿಎಫ್ ಕೊಡುತ್ತದೆ. ಅಕ್ಷರ ಜೋಡಣೆಗೆ ಪ್ಯಾಂಗೊ, ಅದರ ಒಳಗೆ ಹಾರ್ಫ್‌ಬಜ್ ಇರುವುದರಿಂದ ಕನ್ನಡ ಸರಿಯಾಗಿ ಬರುತ್ತದೆ. ಬಿಎಸ್‌ಡಿ ಲೈಸೆನ್ಸ್. ಎಚ್‌ಟಿಎಂಎಲ್ ಬೇಡ, ಕೋಡ್‌ನಿಂದಲೇ ಗೆರೆ, ಪೆಟ್ಟಿಗೆ ಎಳೆಯುತ್ತೇನೆ ಎನ್ನುವವರಿಗೆ ಎಫ್‌ಪಿಡಿಎಫ್2 ಇದೆ. ಅದರಲ್ಲಿ ಶೇಪಿಂಗ್ ಇದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ಎಷ್ಟೋ ಜನ ಅದನ್ನು ಮಾಡದೆ ಟೂಲ್ ಅನ್ನೇ ಬೈಯುತ್ತಾರೆ.

ನೋಡ್ ಬಳಸುವವರಿಗೆ ಪಪೆಟಿಯರ್ ಅಥವಾ ಪ್ಲೇರೈಟ್. ಎರಡೂ ಪರದೆಯಿಲ್ಲದ ಕ್ರೋಮಿಯಂ (ಕ್ರೋಮ್ ಬ್ರೌಸರ್‌ನ ಮುಕ್ತ ಮೂಲರೂಪ) ಓಡಿಸಿ ಪುಟವನ್ನು ಪ್ರಿಂಟ್ ಮಾಡುತ್ತವೆ. ಪ್ಲೇರೈಟ್ ಬೇರೆ ಬ್ರೌಸರ್‌ಗಳನ್ನೂ ಓಡಿಸುತ್ತದೆಯಾದರೂ ಪಿಡಿಎಫ್ ಸಿಗುವುದು ಕ್ರೋಮಿಯಂನಲ್ಲಿ ಮಾತ್ರ. ಜೆಎಸ್‌ಪಿಡಿಎಫ್ ಅನ್ನು ಕನ್ನಡಕ್ಕೆ ಮುಟ್ಟಬೇಡಿ. ಪಿಡಿಎಫ್‌ಕಿಟ್ ಮತ್ತು ಅದರ ಮೇಲೆ ನಿಂತ ಪಿಡಿಎಫ್‌ಮೇಕ್ ಒಳಗೆ ಫಾಂಟ್‌ಕಿಟ್ ಇದೆ, ಅದಕ್ಕೆ ಭಾರತೀಯ ಲಿಪಿಗಳ ಶೇಪಿಂಗ್ ಒಂದು ಮಟ್ಟಿಗೆ ಗೊತ್ತು. ಮೇಲಿನ ಸಾಲು ಪೂರ್ತಿ ಪಾಸಾಗದೆ ನಂಬಬೇಡಿ.

ಪಿಎಚ್‌ಪಿ, ಅದರಲ್ಲೂ ಕಡಿಮೆ ಬಾಡಿಗೆಯ ಶೇರ್ಡ್ ಹೋಸ್ಟಿಂಗ್ ಆದರೆ ಎಂಪಿಡಿಎಫ್. ಅಲ್ಲಿ ಕ್ರೋಮಿಯಂ ಓಡಿಸಲು ಬಿಡುವುದಿಲ್ಲ, ಎಂಪಿಡಿಎಫ್ ಶುದ್ಧ ಪಿಎಚ್‌ಪಿ. ಆರನೇ ಆವೃತ್ತಿಯಿಂದ ಓಪನ್‌ಟೈಪ್ ನಿಯಮಗಳನ್ನು ಅದೇ ಓದುತ್ತದೆ, ಲೋಹಿತ್ ಕನ್ನಡ ಫಾಂಟ್ ಜೊತೆಗೇ ಬರುತ್ತದೆ. ನಿಮ್ಮದೇ ಫಾಂಟ್ ಸೇರಿಸಿದರೆ ಆ ಫಾಂಟ್‌ಗೆ ಓಪನ್‌ಟೈಪ್ ಆಯ್ಕೆಯನ್ನು ಬೇರೆಯಾಗಿ ಆನ್ ಮಾಡಬೇಕು ಎಂಬುದು ನೆನಪಿರಲಿ. ಡಾಂಪಿಡಿಎಫ್, ಟಿಸಿಪಿಡಿಎಫ್ ಹೆಸರುವಾಸಿ ಇರಬಹುದು, ಒತ್ತಕ್ಷರ ಅವುಗಳಿಗೆ ಬಾರದು.

ಡಾಟ್‌ನೆಟ್‌ನವರಿಗೆ ಕ್ವೆಸ್ಟ್‌ಪಿಡಿಎಫ್ ಚೆನ್ನಾಗಿದೆ, ಅದರಲ್ಲೂ ಹಾರ್ಫ್‌ಬಜ್ ಇದೆ. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ವರಮಾನದ ಕಂಪನಿಗಳಿಗೆ ಉಚಿತ.

ಜಾವಾದಲ್ಲಿ ಐಟೆಕ್ಸ್ಟ್ ಇದೆ, ಕನ್ನಡದ ಶೇಪಿಂಗ್‌ಗೆ ಪಿಡಿಎಫ್‌ಕ್ಯಾಲಿಗ್ರಾಫ್ ಎಂಬ ಪ್ರತ್ಯೇಕ, ಹಣ ಕೊಟ್ಟು ಕೊಳ್ಳುವ ಭಾಗ ಬೇಕು. ಬೇಡವೆಂದರೆ ಗೋಟೆನ್‌ಬರ್ಗ್ ಎಂಬ ಡಾಕರ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಸಮೇತ ಪ್ಯಾಕ್ ಮಾಡಿ ಓಡಿಸುವ ವ್ಯವಸ್ಥೆ) ಸೇವೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಒಳಗೆ ಕ್ರೋಮಿಯಂ, ಲಿಬ್ರೆಆಫೀಸ್ ಎರಡೂ ಇವೆ, ಎಂಐಟಿ ಲೈಸೆನ್ಸ್. ಎಚ್‌ಟಿಎಂಎಲ್ ಕಳಿಸಿದರೆ ಪಿಡಿಎಫ್ ವಾಪಸ್ ಬರುತ್ತದೆ. ಯಾವ ಭಾಷೆಯಿಂದಲಾದರೂ ಕರೆಯಬಹುದು.

ಕ್ರೋಮಿಯಂ ಮತ್ತು ವೀಸಿಪ್ರಿಂಟ್ ಎರಡೂ ಆಗುತ್ತದೆ ಎಂದರೆ?

ನಿಮ್ಮ ಪುಟ ಜಾವಾಸ್ಕ್ರಿಪ್ಟ್‌ನಿಂದ ಕಟ್ಟಿದ್ದಾದರೆ, ಒಳಗೆ ಗ್ರಾಫ್‌ಗಳಿದ್ದರೆ ಕ್ರೋಮಿಯಂ ಬಿಟ್ಟು ದಾರಿಯಿಲ್ಲ. ವೀಸಿಪ್ರಿಂಟ್ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಬಿಲ್ಲು, ಪಟ್ಟಿ, ಪ್ರಮಾಣಪತ್ರದಂಥ ಸ್ಥಿರ ದಾಖಲೆಗಳಿಗೆ ನಾನು ವೀಸಿಪ್ರಿಂಟ್ ಕಡೆಗೇ ವಾಲುತ್ತೇನೆ. ಪುಟಸಂಖ್ಯೆ, ಪುಟದ ತಲೆಬರಹ, ಅಡಿಬರಹ ಎಲ್ಲವೂ ಸಿಎಸ್‌ಎಸ್‌ನಲ್ಲೇ ಆಗುತ್ತದೆ, ಚಿಕ್ಕ ಸರ್ವರ್‌ನಲ್ಲೂ ನಡೆಯುತ್ತದೆ. ಪುಟದ ಅಂಚಿನಲ್ಲಿ ಪುಟಸಂಖ್ಯೆ ಇಡುವ ಸಿಎಸ್‌ಎಸ್ ಸೌಲಭ್ಯ ಕ್ರೋಮ್‌ಗೆ ಬಂದದ್ದೇ 131ನೇ ಆವೃತ್ತಿಯಲ್ಲಿ, 2024ರಲ್ಲಿ. ವೀಸಿಪ್ರಿಂಟ್‌ನ ದೌರ್ಬಲ್ಯವೂ ಗೊತ್ತಿರಲಿ: ಸಾವಿರಾರು ಸಾಲಿನ ಕೋಷ್ಟಕ ಕೊಟ್ಟರೆ ನಿಧಾನ.

ಡಬ್ಲ್ಯುಕೆ ಎಚ್‌ಟಿಎಂಎಲ್ ಟು ಪಿಡಿಎಫ್ ಈಗಲೂ ಬಳಸಬಹುದೇ?

ಹೊಸ ಕೆಲಸಕ್ಕೆ ಬೇಡ. ಎಚ್‌ಟಿಎಂಎಲ್‌ನಿಂದ ಪಿಡಿಎಫ್ ಮಾಡುವ ಈ ಹಳೆಯ ಟೂಲ್‌ನ ಕೋಡ್ ಭಂಡಾರವನ್ನು 2023ರ ಜನವರಿಯಲ್ಲಿ ಮುಚ್ಚಿದ್ದಾರೆ, ಭದ್ರತಾ ತಿದ್ದುಪಡಿ ಬರುವುದಿಲ್ಲ. ಓಡುತ್ತಿರುವ ಹಳೆಯ ವ್ಯವಸ್ಥೆಯನ್ನು ಗೋಟೆನ್‌ಬರ್ಗ್‌ಗೆ ಸಾಗಿಸುವುದು ಸುಲಭ.

ಸರ್ವರ್ ಯಾಕೆ, ಬ್ರೌಸರ್‌ನಲ್ಲೇ ಪಿಡಿಎಫ್ ಮಾಡಿದರಾಗದೇ? ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಘಟ್ಟದಂಚಿನ ತೋಟಗಳಿಗೆ ಇದು ನಿಜವಾದ ಅಗತ್ಯ. ಜೂನ್, ಜುಲೈನಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿರುವ ಲ್ಯಾಪ್‌ಟಾಪ್‌ನಲ್ಲೇ ಚೀಟಿ ಆಗಬೇಕು.

ಇದಕ್ಕೆ ಅತಿ ಒಳ್ಳೆಯ ಉಪಾಯವನ್ನು ಜನ ಗಮನಿಸುವುದೇ ಇಲ್ಲ: ಬ್ರೌಸರ್‌ನದ್ದೇ ಪ್ರಿಂಟ್ ಆಜ್ಞೆ. ಮುದ್ರಣಕ್ಕೆಂದು ಪ್ರತ್ಯೇಕ ಸಿಎಸ್‌ಎಸ್ ಬರೆಯಿರಿ, ಗುಂಡಿ ಒತ್ತಿದಾಗ ಪ್ರಿಂಟ್ ಕಿಟಕಿ ತೆರೆಯಲಿ, ಬಳಕೆದಾರರು "ಪಿಡಿಎಫ್ ಆಗಿ ಉಳಿಸು" ಆರಿಸಲಿ. ಲೈಬ್ರರಿ ಬೇಡ, ಖರ್ಚಿಲ್ಲ, ಶೇಪಿಂಗ್ ಬ್ರೌಸರ್‌ನದ್ದೇ ಆದ್ದರಿಂದ ಕನ್ನಡ ಶುದ್ಧ. ಆ್ಯಪ್ ಅನ್ನು ಆಫ್‌ಲೈನ್ ಓಡುವ ಹಾಗೆ ಮಾಡಿ, ಫಾಂಟ್ ಅನ್ನೂ ಅದರ ಜೊತೆ ಸಂಗ್ರಹಿಸಿಟ್ಟರೆ ನೆಟ್ ಬೇಕೇ ಇಲ್ಲ.

ಪುಟದ ಫೋಟೊ ತೆಗೆದು ಪಿಡಿಎಫ್‌ಗೆ ಅಂಟಿಸುವ ಎಚ್‌ಟಿಎಂಎಲ್2ಕ್ಯಾನ್‌ವಾಸ್ ಮತ್ತು ಜೆಎಸ್‌ಪಿಡಿಎಫ್ ಜೋಡಿ ಮಾತ್ರ ಕೊನೆಯ ಆಯ್ಕೆಯಾಗಿರಲಿ. ಕನ್ನಡ ಸರಿ ಕಾಣುತ್ತದೆ ಎಂಬ ಕಾರಣಕ್ಕೆ ಅನೇಕರು ಅದಕ್ಕೆ ಒಲಿಯುತ್ತಾರೆ. ಆದರೆ ಅದರೊಳಗೆ ಪಠ್ಯವೇ ಇರುವುದಿಲ್ಲ. ಹುಡುಕಲಾಗದು, ನಕಲು ಮಾಡಲಾಗದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಲಾರದು, ಕಡತದ ಗಾತ್ರವೂ ಉಬ್ಬುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಸರ್ವರ್‌ನಲ್ಲಿ ಬರೀ ಚೌಕಗಳು. ಏಕೆ?

ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಡಾಕರ್ ಇಮೇಜ್‌ಗಳು ಚಿಕ್ಕದಾಗಿರಲೆಂದು ಫಾಂಟ್‌ಗಳನ್ನೆಲ್ಲ ಕಿತ್ತಿರುತ್ತಾರೆ. ನಿಮಗೆ ಬೇಕಾದ ಫಾಂಟ್ ಕಡತವನ್ನು ಪ್ರಾಜೆಕ್ಟ್‌ನ ಒಳಗೇ ಇಟ್ಟು ಇಮೇಜ್‌ಗೆ ನಕಲು ಮಾಡಿ. ಆವೃತ್ತಿಯೂ ನಿಮ್ಮ ಹಿಡಿತದಲ್ಲಿರುತ್ತದೆ. ಅಂತರಜಾಲದಿಂದ ಫಾಂಟ್ ತರಿಸುವ ಪುಟಗಳಲ್ಲಿ ಫಾಂಟ್ ಬರುವ ಮೊದಲೇ ಪ್ರಿಂಟ್ ಆಗಿಬಿಡುವ ಅಪಾಯವೂ ಇದೆ. ಡಾಕರ್‌ನಲ್ಲಿ ಕ್ರೋಮಿಯಂ ಆಗಾಗ ಕುಸಿದು ಬೀಳುತ್ತಿದ್ದರೆ ಹಂಚಿಕೆಯ ಮೆಮೊರಿ ನೋಡಿ. ಡಾಕರ್ ತಾನಾಗಿ ಕೊಡುವುದು 64 ಎಂಬಿ ಮಾತ್ರ, ಕ್ರೋಮಿಯಂಗೆ ಅದು ಸಾಲದು.

ಯಾವ ಫಾಂಟ್ ಒಳ್ಳೆಯದು?

ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ. ಮುಕ್ತ ಲೈಸೆನ್ಸ್, ಕಡತದೊಳಗೆ ಸೇರಿಸಲು ತೊಡಕಿಲ್ಲ. ಗುಬ್ಬಿ, ನವಿಲು ಕೂಡ ಮುಕ್ತ ಫಾಂಟ್‌ಗಳೇ. ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟ್‌ಗಳನ್ನು ಲಿನಕ್ಸ್ ಸರ್ವರ್‌ಗೆ ಎತ್ತಿ ಹಾಕಬೇಡಿ, ಅವು ವಿಂಡೋಸ್ ಲೈಸೆನ್ಸ್ ಜೊತೆ ಬಂದವು. ಬೇಲೂರು, ಹಳೇಬೀಡು ನೋಡಲು ಬರುವ ಹೊರಗಿನ ಅತಿಥಿಗಳಿಗೆ ಎರಡು ಭಾಷೆಯ ರಸೀದಿ ಮಾಡುವ ಹೋಮ್‌ಸ್ಟೇಗಳು ಇಂಗ್ಲಿಷ್‌ಗೆ ಒಂದು, ಕನ್ನಡಕ್ಕೆ ಒಂದು ಫಾಂಟ್ ಅನ್ನು ಸಿಎಸ್‌ಎಸ್‌ನಲ್ಲಿ ಸಾಲಾಗಿ ಹೆಸರಿಸಿದರೆ ಆಯಿತು.

ಸಂಘದ ಹಳೆಯ ಡೇಟಾ ಎಲ್ಲ ನುಡಿ ತಂತ್ರಾಂಶದಲ್ಲಿದೆ. ಪಿಡಿಎಫ್‌ನಲ್ಲಿ ಇಂಗ್ಲಿಷ್ ಗೊಂದಲ ಬರುತ್ತಿದೆ.

ಹಳೆಯ ನುಡಿ, ಬರಹ, ಶ್ರೀಲಿಪಿ ಕಡತಗಳಲ್ಲಿ ಇರುವುದು ಇಂಗ್ಲಿಷ್ ಸಂಕೇತಗಳೇ. ಆ ಫಾಂಟ್ ಹಾಕಿದಾಗ ಮಾತ್ರ ಕನ್ನಡದಂತೆ ಕಾಣುತ್ತವೆ. ಪಿಡಿಎಫ್ ಹಂತದಲ್ಲಿ ಆ ಹಳೆಯ ಫಾಂಟ್ ಅಂಟಿಸಿ ಪಾರಾಗಲು ಹೋಗಬೇಡಿ. ಡೇಟಾಬೇಸನ್ನೇ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನು ಸಂಘದವರೊಬ್ಬರ ಜೊತೆ ಕೂತು ಒಂದೊಂದಾಗಿ ಓದಿ. ತಪ್ಪುಗಳು ಕೂಡಿಕೊಳ್ಳುವುದು ಅಲ್ಲೇ. ಸದಸ್ಯರ ಹೆಸರು ತಪ್ಪಾಗಿ ಅಚ್ಚಾದ ಷೇರು ಪತ್ರ ಸಾಲ ಕೇಳಲು ಹೋದಾಗ ಅವರಿಗೇ ಮುಳುವಾಗುತ್ತದೆ.

ಕೋಷ್ಟಕದಲ್ಲಿ ಒತ್ತಕ್ಷರದ ತಳ ಕತ್ತರಿಸಿಹೋಗುತ್ತಿದೆ. ಏನು ಮಾಡಲಿ?

ಸಾಲಿನ ಎತ್ತರವನ್ನು ಇಂಗ್ಲಿಷ್ ಅಳತೆಗೆ ಕಟ್ಟಿಹಾಕಿದ್ದೀರಿ. ಕನ್ನಡ ಕೆಳಕ್ಕೆ ಬೆಳೆಯುವ ಲಿಪಿ, ಅದಕ್ಕೆ ಜಾಗ ಬೇಕು. ಸಾಲಿನ ಅಂತರ ಅಕ್ಷರದ ಗಾತ್ರದ 1.6 ಪಟ್ಟಿನಷ್ಟು ಇಡಿ, ಕೋಶಗಳಿಗೆ ಸ್ಥಿರ ಎತ್ತರ ಬೇಡ. ಒಂದು ಸಾಲು ಎರಡು ಪುಟಕ್ಕೆ ಹರಿದುಹೋಗದಂತೆ ತಡೆಯುವ ಸಿಎಸ್‌ಎಸ್ ನಿಯಮ ಹಾಕಿ, ಶೀರ್ಷಿಕೆ ಸಾಲು ಪ್ರತಿ ಪುಟದಲ್ಲೂ ಬರಲಿ. ನಮ್ಮ ಪದಗಳು ವಿಭಕ್ತಿ ಸೇರಿ ಉದ್ದವಾಗುತ್ತವೆ. ಅಂಕಣದಿಂದ ಹೊರಗೆ ಚಾಚಿದರೆ ಮುರಿಯಲು ಅನುಮತಿ ಕೊಡುವ ನಿಯಮವೂ ಬೇಕು.

ಒಮ್ಮೆ ಆದ ಪಿಡಿಎಫ್‌ನ ಪಠ್ಯವನ್ನು ಆ್ಯಪ್‌ನಲ್ಲೇ ತಿದ್ದುವಂತೆ ಮಾಡಬಹುದೇ?

ಗ್ರಾಹಕರು ಹೆಚ್ಚು ಕೇಳುವುದೂ ಇದನ್ನೇ, ನಾನು ಹೆಚ್ಚು ತಡೆಯುವುದೂ ಇದನ್ನೇ. ಅಡೋಬಿ 1993ರಲ್ಲಿ ಪಿಡಿಎಫ್ ತಂದದ್ದು ಎಲ್ಲ ಯಂತ್ರದಲ್ಲೂ ಪುಟ ಒಂದೇ ರೀತಿ ಕಾಣಲಿ ಎಂದು. 2008ರಲ್ಲಿ ಅದು ಐಎಸ್‌ಒ ಮಾನಕವಾದ ಮೇಲೂ ಉದ್ದೇಶ ಬದಲಾಗಿಲ್ಲ. ಅದರೊಳಗೆ ಪ್ಯಾರಾ ಇಲ್ಲ, ಸಾಲು ತಾನಾಗಿ ಮುಂದಕ್ಕೆ ಹರಿಯುವುದಿಲ್ಲ. ಫಾಂಟ್‌ನಲ್ಲಿಯೂ ಆ ದಾಖಲೆಯಲ್ಲಿ ಬಳಸಿದ ಆಕೃತಿಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಬಿಟ್ಟಿರುತ್ತಾರೆ. ಹೊಸ ಹೆಸರಿನಲ್ಲಿ "ಜ್ಞ" ಬಂದು ಹಳೆಯದರಲ್ಲಿ ಅದು ಇಲ್ಲದಿದ್ದರೆ ಬರೆಯಲು ಆಕೃತಿಯೇ ಇರುವುದಿಲ್ಲ. ಪಿಡಿಎಫ್‌ನಲ್ಲಿ ಕನ್ನಡ ತಿದ್ದಲು ಹೋಗುವುದೆಂದರೆ ಕಾಫಿ ಪುಡಿಯಾದ ಮೇಲೆ ಕಲ್ಲು ಆರಿಸಲು ಕೂತಂತೆ.

ಡೇಟಾಬೇಸ್‌ನಲ್ಲಿ ತಿದ್ದಿ, ಟೆಂಪ್ಲೇಟ್‌ನಿಂದ ಹೊಸ ಪಿಡಿಎಫ್ ತೆಗೆಯಿರಿ. ಹಳೆಯದಕ್ಕೆ "ರದ್ದಾಗಿದೆ" ಎಂಬ ಗುರುತು ಹಾಕಿ ಇಟ್ಟುಕೊಳ್ಳಿ. ಲೆಕ್ಕಪತ್ರ ವಿಭಾಗದವರೂ ಇದನ್ನೇ ಬಯಸುತ್ತಾರೆ. ಬಳಕೆದಾರರು ಪಿಡಿಎಫ್ ಮೇಲೆ ಗುರುತು, ಟಿಪ್ಪಣಿ ಹಾಕಿದರೆ ಸಾಕು ಎನ್ನುವುದಾದರೆ ಮೊಜಿಲ್ಲಾದ ಪಿಡಿಎಫ್‌ಜೆಎಸ್ ಸಾಕು. ಫೈರ್‌ಫಾಕ್ಸ್‌ನಲ್ಲಿ ಪಿಡಿಎಫ್ ತೆರೆಯುವುದೂ ಅದೇ.

ಇಲಾಖೆಯ ಸಿದ್ಧ ಫಾರಂ ಇದೆ. ಅದರ ಖಾಲಿ ಜಾಗಗಳಲ್ಲಿ ಕನ್ನಡ ತುಂಬಬೇಕು.

ಇದು ನ್ಯಾಯವಾದ ಅಗತ್ಯ, ದಾರಿಯೂ ಇದೆ. ಫಾರಂನ ಒಳಗಿನ ಫೀಲ್ಡ್‌ಗಳಿಗೆ ಕೋಡ್‌ನಿಂದ ಕನ್ನಡ ತುರುಕಬೇಡಿ. ಆ ಪಠ್ಯವನ್ನು ಬಿಡಿಸುವ ಹೊಣೆ ತೆರೆಯುವ ತಂತ್ರಾಂಶದ ಮೇಲೆ ಬೀಳಬಹುದು, ಒಂದೊಂದರಲ್ಲಿ ಒಂದೊಂದು ಥರ ಕಾಣುತ್ತದೆ. ಬದಲಿಗೆ ಅದೇ ಅಳತೆಯ ಖಾಲಿ ಪುಟವನ್ನು ವೀಸಿಪ್ರಿಂಟ್‌ನಲ್ಲಿ ಮಾಡಿ. ಹಿನ್ನೆಲೆ ಬಣ್ಣ ಬೇಡ. ಹೆಸರು, ಊರು, ಸರ್ವೆ ನಂಬರ್ ಎಲ್ಲಿ ಬರಬೇಕೋ ಆ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಇಡಿ. ಆ ಪುಟವನ್ನು ಮೂಲ ಫಾರಂನ ಮೇಲೆ ಕ್ಯುಪಿಡಿಎಫ್ ಎಂಬ ಮುಕ್ತ ಟೂಲ್‌ನ ಓವರ್‌ಲೇ ಆಯ್ಕೆಯಿಂದ ಹೊದಿಸಿ. ಪೈಪಿಡಿಎಫ್‌ನಲ್ಲೂ ಪುಟದ ಮೇಲೆ ಪುಟ ಸೇರಿಸಬಹುದು. ಶೇಪಿಂಗ್ ಮೊದಲೇ ಮುಗಿದಿರುವುದರಿಂದ ಎಲ್ಲಿ ತೆರೆದರೂ ಒಂದೇ ರೂಪ. ಫಾರಂ ಹೊಸ ಆವೃತ್ತಿ ಬಂದಾಗ ಅಳತೆ ಮತ್ತೆ ಸರಿಮಾಡುವ ಕೆಲಸ ಮಾತ್ರ ತಪ್ಪದು.

ಪುಟ ಸೇರಿಸುವುದು, ಬೇರ್ಪಡಿಸುವುದು, ಪಾಸ್‌ವರ್ಡ್ ಹಾಕುವುದು?

ಕ್ಯುಪಿಡಿಎಫ್. ಪೈಥಾನ್‌ನಲ್ಲಿ ಅದರದ್ದೇ ರೂಪ ಪೈಕ್‌ಪಿಡಿಎಫ್. 256 ಬಿಟ್ ಎನ್‌ಕ್ರಿಪ್ಶನ್ ಇದೆ. ತೆರೆಯಲು ಪಾಸ್‌ವರ್ಡ್ ಇಲ್ಲದೆ "ಪ್ರಿಂಟ್ ಮಾಡುವಂತಿಲ್ಲ" ಎಂದಷ್ಟೇ ನಿರ್ಬಂಧ ಹಾಕಿದರೆ ಅದನ್ನು ಪಾಲಿಸುವುದು ಬಿಡುವುದು ತೆರೆಯುವ ತಂತ್ರಾಂಶದ ಇಷ್ಟ. ರಕ್ಷಣೆ ಎಂದು ಅದನ್ನು ಮಾರಬೇಡಿ.

ಆಧಾರ್ ಸಂಖ್ಯೆ ಮೇಲೆ ಕಪ್ಪು ಪೆಟ್ಟಿಗೆ ಎಳೆದರೆ ಸಾಕೇ?

ಖಂಡಿತ ಸಾಲದು. ಪೆಟ್ಟಿಗೆಯ ಕೆಳಗೆ ಸಂಖ್ಯೆ ಹಾಗೇ ಇರುತ್ತದೆ. ಆಯ್ಕೆ ಮಾಡಿ ನಕಲು ಮಾಡಿದರೆ ಹೊರಗೆ ಬರುತ್ತದೆ. ಕೂಲಿಕಾರರ ಆಧಾರ್, ಬ್ಯಾಂಕ್ ಖಾತೆ ನಿಮ್ಮ ಕೈಯಲ್ಲಿ ನಂಬಿಕೆಯಿಂದ ಇಟ್ಟದ್ದು. ಪಿಡಿಎಫ್‌ಗೆ ಕಳಿಸುವ ಮೊದಲೇ, ಕೋಡ್‌ನಲ್ಲೇ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಹೊರಗಿನಿಂದ ಬಂದ ಪಿಡಿಎಫ್ ಆದರೆ ಪಠ್ಯವನ್ನು ನಿಜವಾಗಿ ಅಳಿಸುವ ರಿಡಕ್ಷನ್ ಸೌಲಭ್ಯ ಪೈಮುಪಿಡಿಎಫ್‌ನಲ್ಲಿದೆ. ಅಳಿಸಿದ ಮೇಲೆ ಪಾಪ್ಲರ್‌ನ "ಪಿಡಿಎಫ್‌ಟುಟೆಕ್ಸ್ಟ್" ಓಡಿಸಿ, ಸಂಖ್ಯೆ ಸಿಗುತ್ತದೆಯೇ ಎಂದು ನೋಡಿ. ಪುಟ ಸ್ಕ್ಯಾನ್ ಮಾಡಿದ್ದಾದರೆ ಚಿತ್ರದ ಚುಕ್ಕೆಗಳೇ ಅಳಿಯಬೇಕು.

ಡಿಜಿಟಲ್ ಸಹಿ ಹಾಕಿದ ಮೇಲೆ "ಸಹಿ ಅಮಾನ್ಯ" ಎಂದು ಬರುತ್ತಿದೆ.

ಸಹಿಯ ನಂತರ ಕಡತವನ್ನು ಯಾರೋ ಮುಟ್ಟಿದ್ದಾರೆ. ಡಿಜಿಟಲ್ ಸಹಿ ಕಡತದ ಬೈಟ್‌ಗಳ ಮೇಲೆ ಲೆಕ್ಕ ಹಾಕಿದ ಗುರುತು. ಆಮೇಲೆ ಪುಟ ಸೇರಿಸಿದರೂ, ಗಾತ್ರ ಕುಗ್ಗಿಸಿದರೂ ಲೆಕ್ಕ ತಾಳೆಯಾಗದು. ಓವರ್‌ಲೇ, ವಿಲೀನ ಎಲ್ಲ ಮುಗಿಸಿ ಕೊನೆಯಲ್ಲಿ ಸಹಿ. ನಮ್ಮಲ್ಲಿ ಸಹಿಗೆ ಮಾನ್ಯತೆ ಬರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯ ಪ್ರಮಾಣಪತ್ರದಿಂದ. 2021ರ ಜನವರಿ 1ರಿಂದ ಎರಡನೇ ದರ್ಜೆಯ ಪ್ರಮಾಣಪತ್ರ ಹೊಸದಾಗಿ ಕೊಡುವುದಿಲ್ಲ, ಮೂರನೇ ದರ್ಜೆಯದ್ದೇ ಬೇಕು. ಅದು ಯುಎಸ್‌ಬಿ ಟೋಕನ್‌ನಲ್ಲಿ ಬಂದರೆ ದೂರದ ಕ್ಲೌಡ್ ಸರ್ವರ್ ತಾನೇ ಸಹಿ ಹಾಕಲಾರದು. ಕಚೇರಿಯ ಕಂಪ್ಯೂಟರ್‌ನಲ್ಲಿ ಓಡುವ ಪುಟ್ಟ ತಂತ್ರಾಂಶವೋ, ಆಧಾರ್ ಆಧಾರಿತ ಇ-ಸೈನ್ ಸೇವೆಯೋ ಬೇಕಾಗುತ್ತದೆ. ಇದನ್ನು ಗ್ರಾಹಕರಿಗೆ ಮೊದಲೇ ಹೇಳಿ. ಪೈಥಾನ್‌ನಲ್ಲಿ ಸಹಿಗೆ ಪೈಹ್ಯಾಂಕೊ ಒಳ್ಳೆಯ ಲೈಬ್ರರಿ.

ಹಣ ಕೊಟ್ಟು ಸೇವೆ ಕೊಳ್ಳದೆ ಉಚಿತ ಲೈಬ್ರರಿ ಬಳಸಿದರೆ ಕಾನೂನು ತೊಡಕಿದೆಯೇ?

ಎಜಿಪಿಎಲ್ ಎಂಬ ಲೈಸೆನ್ಸ್ ಹೆಸರು ಕಂಡರೆ ನಿಂತು ಓದಿ. ಐಟೆಕ್ಸ್ಟ್, ಗೋಸ್ಟ್‌ಸ್ಕ್ರಿಪ್ಟ್, ಮುಪಿಡಿಎಫ್ ಮತ್ತು ಈಗ ಹೇಳಿದ ಪೈಮುಪಿಡಿಎಫ್ ಎಲ್ಲವೂ ಎಜಿಪಿಎಲ್. ನೆಟ್‌ವರ್ಕ್ ಮೂಲಕ ಜನ ಬಳಸುವ ಆ್ಯಪ್‌ನ ಭಾಗವಾಗಿ ಇವನ್ನು ಸೇರಿಸಿದರೆ ನಿಮ್ಮ ಮೂಲ ಕೋಡ್ ಅನ್ನೂ ಆ ಬಳಕೆದಾರರಿಗೆ ಕೊಡುವ ಬಾಧ್ಯತೆ ಬರಬಹುದು, ಇಲ್ಲವೇ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಎಂಪಿಡಿಎಫ್ ಜಿಪಿಎಲ್. ನಿಮ್ಮದೇ ಸರ್ವರ್‌ನಲ್ಲಿ ಓಡಿಸಿದರೆ ಚಿಂತೆಯಿಲ್ಲ. ತಂತ್ರಾಂಶವನ್ನು ಪ್ಯಾಕ್ ಮಾಡಿ ಗ್ರಾಹಕರಿಗೆ ಮಾರುವುದಾದರೆ ಯೋಚಿಸಬೇಕು. ವೀಸಿಪ್ರಿಂಟ್, ಕ್ಯುಪಿಡಿಎಫ್, ಪೈಪಿಡಿಎಫ್, ಪಿಡಿಎಫ್‌ಜೆಎಸ್, ಪಪೆಟಿಯರ್ ನಿರಾಳ. ಕೆಲಸ ಹಿಡಿದ ದಿನವೇ ಇದನ್ನು ಬರೆದಿಟ್ಟುಕೊಳ್ಳುವುದು ಸಣ್ಣ ತಂಡಗಳಿಗೆ ದೊಡ್ಡ ರಕ್ಷಣೆ.

ಆಪ್ರೈಸ್, ನ್ಯೂಟ್ರಿಯೆಂಟ್‌ನಂಥ ಹಣ ಕೊಟ್ಟು ಕೊಳ್ಳುವ ಎಸ್‌ಡಿಕೆಗಳು (ಆ್ಯಪ್ ಒಳಗೆ ಸೇರಿಸುವ ಸಿದ್ಧ ಟೂಲ್‌ಗಳ ಕಟ್ಟು) ಬೇಕಾಗುವುದು ಬ್ರೌಸರ್‌ನಲ್ಲೇ ಸಹಿ, ರಿಡಕ್ಷನ್, ಹಲವರು ಕೂಡಿ ಟಿಪ್ಪಣಿ ಹಾಕುವುದು ಇವೆಲ್ಲ ನಿಮ್ಮ ಉತ್ಪನ್ನದ ಜೀವಾಳವಾಗಿದ್ದಾಗ. ಬಿಲ್ಲು ತೆಗೆಯಲು ಅಲ್ಲ. ಹಳೆಯ ಲೇಖನಗಳಲ್ಲಿ ಇವು ಪಿಡಿಎಫ್‌ಟ್ರಾನ್, ಪಿಎಸ್‌ಪಿಡಿಎಫ್‌ಕಿಟ್ ಎಂಬ ಹೆಸರಿನಲ್ಲಿ ಸಿಗುತ್ತವೆ.

ಜಿಎಸ್‌ಟಿ ಬಿಲ್ಲಿಗೆ ವಿಶೇಷವಾಗಿ ಏನು ಗಮನಿಸಬೇಕು?

ಬಿಲ್ಲಿನ ಕ್ರಮಸಂಖ್ಯೆ 16 ಅಕ್ಷರ ಮೀರಬಾರದು, ಸರಣಿ ಮುರಿಯಬಾರದು. ಅದನ್ನು ಪಿಡಿಎಫ್ ಟೆಂಪ್ಲೇಟ್ ಅಲ್ಲ, ಡೇಟಾಬೇಸ್ ಕೊಡಬೇಕು. ವಹಿವಾಟು 5 ಕೋಟಿ ರೂಪಾಯಿ ದಾಟಿದ ವ್ಯಾಪಾರಿಗಳು 2023ರ ಆಗಸ್ಟ್ 1ರಿಂದ ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ಲಿಗೆ ಇ-ಇನ್‌ವಾಯ್ಸ್ ಮಾಡಬೇಕು. ದೊಡ್ಡ ಕಾಫಿ ವ್ಯಾಪಾರಿಗಳು ಇದರಲ್ಲಿ ಬರಬಹುದು. ಅದರ ಕ್ಯುಆರ್ ಕೋಡ್ ತುಂಬಾ ದಟ್ಟ. ಚಿತ್ರವಾಗಿ ಕುಗ್ಗಿಸಬೇಡಿ, ಎಸ್‌ವಿಜಿ ರೂಪದಲ್ಲಿ ಇಟ್ಟು, ಪ್ರಿಂಟ್ ತೆಗೆದ ಕಾಗದದ ಮೇಲೆಯೇ ಸ್ಕ್ಯಾನ್ ಮಾಡಿ ನೋಡಿ. ಲಕ್ಷದ ಅಲ್ಪವಿರಾಮಕ್ಕೆ ನೀವೇ ಕೋಡ್ ಬರೆಯಬೇಕಿಲ್ಲ. ಜಾವಾಸ್ಕ್ರಿಪ್ಟ್‌ನ ಸಂಖ್ಯಾ ವಿನ್ಯಾಸಕ್ಕೆ ಇಂಗ್ಲಿಷ್-ಭಾರತ (en-IN) ಎಂದು ಹೇಳಿದರೆ 1,25,000 ಎಂದೇ ಬರುತ್ತದೆ.

ಪಿಡಿಎಫ್ ಮಾಡುವ ಸರ್ವರ್‌ಗೆ ದಾಳಿಯ ಅಪಾಯವಿದೆಯೇ?

ಇದೆ, ಬಹಳ ಜನ ಕಡೆಗಣಿಸುತ್ತಾರೆ. ಬಳಕೆದಾರರು ಟೈಪ್ ಮಾಡಿದ್ದನ್ನು ಸೋಸದೆ ಎಚ್‌ಟಿಎಂಎಲ್‌ಗೆ ಸೇರಿಸಿ ಕ್ರೋಮಿಯಂಗೆ ಕೊಟ್ಟರೆ, ವಿಳಾಸದ ಜಾಗದಲ್ಲಿ ಯಾರಾದರೂ ಒಂದು ಸ್ಕ್ರಿಪ್ಟ್ ಅಥವಾ ಐಫ್ರೇಮ್ ಬರೆದು ನಿಮ್ಮ ಒಳಜಾಲದ ಪುಟಗಳನ್ನು ಪಿಡಿಎಫ್‌ನಲ್ಲಿ ಅಚ್ಚು ಹಾಕಿಸಿಕೊಳ್ಳಬಹುದು. ಕ್ಲೌಡ್‌ನ ಗುಪ್ತ ಕೀಲಿಗಳು ಹಾಗೆ ಹೊರಹೋಗಲು ಸಾಧ್ಯ. ಎಲ್ಲ ಇನ್‌ಪುಟ್ ಎಸ್ಕೇಪ್ ಮಾಡಿ (ಕೋಡ್ ಆಗಿ ಓಡದೆ ಬರೀ ಅಕ್ಷರವಾಗಿ ಮೂಡುವಂತೆ ಬದಲಿಸಿ), ಆ ಸೇವೆಗೆ ಹೊರಗಿನ ಮತ್ತು ಒಳಗಿನ ನೆಟ್‌ವರ್ಕ್ ಎರಡನ್ನೂ ಕಡಿಯಿರಿ. ಗೋಟೆನ್‌ಬರ್ಗ್ ಅನ್ನು ಸಾರ್ವಜನಿಕ ವಿಳಾಸದಲ್ಲಿ ತೆರೆದಿಡಬೇಡಿ.

ದಾಖಲೆ ವರ್ಷಗಟ್ಟಲೆ ಉಳಿಯಬೇಕು. ಎಲ್ಲರಿಗೂ ಓದಲು ಬರಬೇಕು.

ಉಳಿಯಲು ಪಿಡಿಎಫ್/ಎ ಎಂಬ ಮಾನಕ, 2005ರಿಂದ ಇದೆ. ಎಲ್ಲ ಫಾಂಟ್ ಕಡತದೊಳಗೇ ಇರಬೇಕು, ಪಾಸ್‌ವರ್ಡ್ ಇರಬಾರದು. ವೀಸಿಪ್ರಿಂಟ್, ಲಿಬ್ರೆಆಫೀಸ್ ಎರಡೂ ಈ ರೂಪದಲ್ಲಿ ಕೊಡುತ್ತವೆ. ವೆರಾಪಿಡಿಎಫ್ ಎಂಬ ಉಚಿತ ಟೂಲ್‌ನಲ್ಲಿ ತಾಳೆ ನೋಡಿ. ಸ್ಕ್ರೀನ್ ರೀಡರ್ ಬಳಸುವವರಿಗಾಗಿ ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ನಮೂದಿಸಿ, ಶೀರ್ಷಿಕೆಗಳನ್ನು ಶೀರ್ಷಿಕೆಗಳಾಗಿಯೇ ಬರೆಯಿರಿ, ಟ್ಯಾಗ್ ಇರುವ ಪಿಡಿಎಫ್ ತೆಗೆಯಿರಿ. ನಕಲು ಮಾಡಿ ಅಂಟಿಸಿದಾಗ ಕನ್ನಡ ಕನ್ನಡವಾಗಿಯೇ ಬರುತ್ತದೆಯೇ ಎಂಬುದನ್ನೂ ನೋಡಿ. ಕಾಣಲು ಸರಿಯಿದ್ದೂ ಒಳಗಿನ ಪಠ್ಯ ಕೆಟ್ಟಿರುವ ಪಿಡಿಎಫ್‌ಗಳು ಬೇಕಾದಷ್ಟಿವೆ.

ಕೊಯ್ಲಿನ ಕಾಲದಲ್ಲಿ ಬಟವಾಡೆ ದಿನ ನೂರಾರು ಚೀಟಿ ಒಟ್ಟಿಗೆ ಬೇಕು. ಸರ್ವರ್ ನಿಂತೇಹೋಗುತ್ತದೆ.

ಒಂದೊಂದು ಚೀಟಿಗೂ ಒಂದೊಂದು ಕ್ರೋಮಿಯಂ ಹುಟ್ಟುಹಾಕುತ್ತಿದ್ದೀರಿ. ಬ್ರೌಸರ್ ಒಂದೇ ಇರಲಿ, ಕೆಲಸಗಳು ಸರತಿಯಲ್ಲಿ ನಿಲ್ಲಲಿ, ಒಮ್ಮೆಗೆ ಎರಡೋ ಮೂರೋ ಮಾತ್ರ ಓಡಲಿ. ಇನ್ನೂ ಒಳ್ಳೆಯದೆಂದರೆ ಎಲ್ಲ ಚೀಟಿಗಳನ್ನೂ ಒಂದೇ ಎಚ್‌ಟಿಎಂಎಲ್‌ನಲ್ಲಿ, ಚೀಟಿಗೊಂದು ಪುಟದಂತೆ ಬರೆದು ಒಂದೇ ಸಲ ಪಿಡಿಎಫ್ ತೆಗೆಯುವುದು. ಫಾಂಟ್ ಒಮ್ಮೆ ಮಾತ್ರ ಸೇರುವುದರಿಂದ ಗಾತ್ರವೂ ಚಿಕ್ಕದು. ಬಿಡಿ ಚೀಟಿ ಬೇಕಾದವರಿಗೆ ಕ್ಯುಪಿಡಿಎಫ್‌ನಿಂದ ಪುಟ ಬೇರ್ಪಡಿಸಿ ಕಳಿಸಿ. ರೈಟರ್ ಸಂಜೆ ಕೂತು ಕಾಯುವ ಬದಲು ಹಿಂದಿನ ರಾತ್ರಿಯೇ ಕರಡು ಪಟ್ಟಿ ತಯಾರಾಗಲಿ. ಬಟವಾಡೆ ದಿನ ಬೆಳಿಗ್ಗೆ ಹಾಜರಿ ತಿದ್ದುಪಡಿ ಆದವರ ಪುಟಗಳನ್ನು ಮಾತ್ರ ಮತ್ತೆ ತೆಗೆದರೆ ಸಾಕು.